ಎದೆಯೊಳಗಿನ ಕಿಂಡಿ

ವಯಸ್ಸು ನಲವತ್ತೂ ಆಗಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟೂ ಇಲ್ಲ. ಆದರೂ ಸ್ಟ್ರೋಕ್! ಎಲ್ಲಿಂದ ಬಂತು?

ಕೆಲವೊಮ್ಮೆ ಉತ್ತರ ಹೃದಯದಲ್ಲಿ ಸಿಗುತ್ತೆ. ಅಮ್ಮನ ಹೊಟ್ಟೆಯಲ್ಲಿರೋ ಮಗು ಉಸಿರಾಡಲ್ಲ ನೋಡಿ, ಅದಕ್ಕೇ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರಲ್ಲ. ಇದೇ ಪಿಎಫ್‌ಒ. ಗಾಬರಿ ಬೇಡ, ಹೆಚ್ಚಿನವರಿಗೆ ಏನೂ ಆಗಲ್ಲ.

ಆದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಈ ಕಿಂಡಿಯಲ್ಲಿ ನುಸುಳಿ ಮಿದುಳಿಗೆ ಹೋದರೆ?

ಪತ್ತೆ ಹಚ್ಚೋದು ಗುಳ್ಳೆಯಿಂದ! ಕುಲುಕಿದ ಸಲೈನ್ ಕೈಗೆ ಚುಚ್ಚಿ, "ಉಸಿರು ಬಿಗಿಹಿಡಿದು ಮುಕ್ಕಿ, ಈಗ ಬಿಡಿ" ಅಂತಾರೆ. ಎಕೋ ಪರದೆಯಲ್ಲಿ ಬಿಳಿ ಚುಕ್ಕಿಗಳು ಬಲದಿಂದ ಎಡಕ್ಕೆ ಜಿಗಿದರೆ, ಕಿಂಡಿ ಸಿಕ್ಕಿತು.

ಮುಚ್ಚೋಕೆ ಎದೆ ಕೊಯ್ಯಬೇಕಿಲ್ಲ. ತೊಡೆಸಂದಿನಿಂದ ತೆಳು ನಳಿಗೆ ತೂರಿಸಿ, ಗೋಡೆಯ ಆಚೆಗೊಂದು ಈಚೆಗೊಂದು ಜಾಲರಿ ಬಿಲ್ಲೆ ಬಿಚ್ಚುತ್ತಾರೆ, ಥೇಟ್ ಟಿಚ್ ಬಟನ್!

2017ರಲ್ಲಿ ಪ್ರಕಟವಾದ ಫ್ರಾನ್ಸಿನ 'ಕ್ಲೋಸ್' ಅಧ್ಯಯನದಲ್ಲಿ, ಮುಚ್ಚಿಸಿಕೊಳ್ಳೋ ಗುಂಪಿನ 238 ಜನರಲ್ಲಿ ಒಬ್ಬರಿಗೂ ಮತ್ತೆ ಸ್ಟ್ರೋಕ್ ಆಗಲಿಲ್ಲ. ಆಸ್ಪಿರಿನ್ ಥರದ ಮಾತ್ರೆಯ ಗುಂಪಿನ 235ರಲ್ಲಿ 14 ಮಂದಿಗೆ ಆಯ್ತು. ಅವರೆಲ್ಲ 60ರೊಳಗಿನವರು, ಬೇರೆ ಕಾರಣ ಸಿಗದವರು ಅನ್ನೋದು ನೆನಪಿರಲಿ. ಮುಚ್ಚಿಸಿಕೊಂಡ ಕೆಲವರಿಗೆ ಎದೆಬಡಿತ ಏರುಪೇರಾಗಿದ್ದೂ ಉಂಟು. ಹಾಗಾಗಿ ಮೊದಲು ನ್ಯೂರಾಲಜಿಸ್ಟ್, ಆಮೇಲೆ ಬಿಲ್ಲೆ.