ತಲೆ ನೋಡಿ ಟೋಪಿ ಹೆಣೆಯಿರಿ

ಬೆಳೆಗಾರರ ಪತ್ರಿಕೆಯಲ್ಲಿ ಟೋಪಿಯ ಮಾತೆತ್ತಿದರೆ ಓದುಗರಿಗೆ ನಗು ಬಂದೀತು. ತೂಕದಲ್ಲಿ, ದರದಲ್ಲಿ ಟೋಪಿ ಹಾಕುವವರಿಂದ ಪಾರಾಗಲೆಂದೇ ಸಂಘ ಕಟ್ಟಿಕೊಂಡವರು ನಾವು! ಆದರೆ ಇಲ್ಲಿ ಹೇಳಹೊರಟಿರುವುದು ಆ ಟೋಪಿಯಲ್ಲ. ಮಳೆಗಾಲದ ದೀರ್ಘ ಸಂಜೆಗಳಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ದಾರ ಹಿಡಿದು ಹೆಣೆಯುವ ಟೋಪಿ. ಮಗನಿಗೆ, ಮೊಮ್ಮಗುವಿಗೆ, ಗೆಳತಿಗೆ ಕೊಡಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಬೆಲೆಯುಳ್ಳ ಉಡುಗೊರೆ ಕಡಿಮೆ. ಆದರೆ ಅದು ತಲೆಗೂ, ಕಾಲಕ್ಕೂ, ಹಾಕಿಕೊಳ್ಳುವವರ ಕೆಲಸಕ್ಕೂ ಹೊಂದಬೇಕು. ಇಲ್ಲದಿದ್ದರೆ ಟ್ರಂಕಿನ ತಳ ಸೇರುತ್ತದೆ.

ಈ ಮಾತು ನಮಗೆ ಹೊಸದಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ ಮಾಡುವ ಹಾಳೆ ಟೋಪಿಯನ್ನೇ ನೋಡಿ. ಕರಾವಳಿಯವರು ಇದನ್ನು ಮುಟ್ಟಾಳೆ ಎನ್ನುತ್ತಾರೆ. ಹೊರೆ ಹೊರುವವನಿಗೂ ಬಿಸಿಲಲ್ಲಿ ದುಡಿಯುವವನಿಗೂ ಅವರವರ ತಲೆ ನೋಡಿಯೇ ಹಾಳೆ ಮಡಚುತ್ತಾರೆ. ಉಲ್ಲನ್ ಟೋಪಿಗೂ ಇದೇ ನಿಯಮ.

ವಿದ್ಯಾನಗರದ ಎರಡು ತಲೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಹುಬ್ಬಳ್ಳಿಯ ವಿದ್ಯಾನಗರ ಎರಡು ಕಾರಣಗಳಿಂದ ಪರಿಚಿತ. ಒಂದು ಓದು. 1947ರಲ್ಲಿ ಆರಂಭವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಬೆಳೆದು ಈಗ ವಿಶ್ವವಿದ್ಯಾಲಯವಾಗಿದೆ. ಅದರ ಸುತ್ತಮುತ್ತ ಓದುವ, ರೂಮು ಮಾಡಿಕೊಂಡಿರುವ ಮಕ್ಕಳಲ್ಲಿ ನಮ್ಮ ಮನೆಗಳವರೂ ಇದ್ದಾರೆ. ಇನ್ನೊಂದು ಆಸ್ಪತ್ರೆ. 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಈ ದೊಡ್ಡಾಸ್ಪತ್ರೆಯನ್ನು ಜನ ಇಂದಿಗೂ ಕೆ.ಎಂ.ಸಿ. ಎಂದೋ ಕಿಮ್ಸ್ ಎಂದೋ ಕರೆಯುತ್ತಾರೆ. ಕಷ್ಟದ ಹೆರಿಗೆಯಾದಾಗ ಸುತ್ತಲ ಜಿಲ್ಲೆಗಳವರು ಓಡಿಬರುವುದು ಇಲ್ಲಿಗೇ.

ಹೀಗಾಗಿ ಊರಿನಿಂದ ವಿದ್ಯಾನಗರಕ್ಕೆ ಹೋಗುವ ಚೀಲದಲ್ಲಿ ಎರಡು ಬಗೆಯ ಟೋಪಿ ಇರಬಹುದು. ಒಂದು ಓದುವ ಮಗನಿಗೆ ಅಥವಾ ಮಗಳಿಗೆ, ಇನ್ನೊಂದು ಆಗತಾನೆ ಕಣ್ಣು ಬಿಟ್ಟ ಕೂಸಿಗೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಹೆಣೆಯಲಾಗದು.

ಕೂಸಿನ ಟೋಪಿ

ಹುಬ್ಬಳ್ಳಿ-ಧಾರವಾಡದ ಕಡೆ ಕೂಸಿನ ಟೋಪಿಗೆ ಕುಲಾವಿ ಎನ್ನುತ್ತಾರೆ. ತಲೆಯಿಂದ ಬೆನ್ನಿನವರೆಗೆ ಇಳಿಬೀಳುವುದು ಕುಂಚಿಗೆ. ಗುಳೇದಗುಡ್ಡದ ಖಣದಲ್ಲೋ, ಮೆತ್ತಗಾದ ಹಳೆಯ ಸೀರೆಯ ತುಂಡಿನಲ್ಲೋ ಹೊಲಿದು, ತೊಟ್ಟಿಲ ಕಾರ್ಯಕ್ಕೆ ತವರಿನವರು ತರುವುದು ರೂಢಿ. ಕೈಹೆಣಿಗೆಯ ಟೋಪಿ ಈ ಕುಲಾವಿಯ ತಂಗಿ ಎನ್ನಬಹುದು.

ಹಿರಿಯರು ಕೂಸಿನ ತಲೆ ಮುಚ್ಚಿದ್ದಕ್ಕೆ ಕಾರಣವಿದೆ. ದೊಡ್ಡವರ ಮೈಯಲ್ಲಿ ತಲೆಯ ಪಾಲು ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ನವಜಾತ ಶಿಶುವಿನಲ್ಲಿ ಅದು ಸುಮಾರು ಐದನೆಯ ಒಂದು ಭಾಗ. ಒದ್ದೆ ತಲೆಯಿಂದ ಮೈಯ ಕಾವು ಬೇಗ ಸೋರಿಹೋಗುತ್ತದೆ. ಕೂಸಿನ ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಅದನ್ನು ತಂಪು ಹಿಡಿದ ಸ್ಥಿತಿ ಎಂದು ಗಣಿಸುತ್ತಾರೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿಗೆ ಇದು ಪ್ರಾಣಕ್ಕೇ ಕುತ್ತು.

ನಮ್ಮಂತೆಯೇ ಕಾಫಿ ಬೆಳೆಯುವ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಒಂದು ದಾರಿ ತೋರಿಸಿದರು. ಅವರ ಆಸ್ಪತ್ರೆಯಲ್ಲಿ ಕಾವುಪೆಟ್ಟಿಗೆಗಳ ಕೊರತೆಯಿತ್ತು. ಪುಟ್ಟ ಶಿಶುವನ್ನು ತಾಯಿಯ ಎದೆಗೆ ನೇರವಾಗಿ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕ್ರಮವನ್ನು ಅವರು ತಂದರು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ನಮ್ಮ ಆಸ್ಪತ್ರೆಗಳಲ್ಲಿಯೂ ಇದನ್ನು ಕಲಿಸುತ್ತಾರೆ. ಆಗ ಕೂಸಿನ ಮೈಮೇಲಿರುವುದು ಲಂಗೋಟಿ, ಕಾಲುಚೀಲ ಮತ್ತು ಟೋಪಿ ಮಾತ್ರ. ಮುಖ್ಯವಾದ ಕಾವು ತಾಯಿಯದು. ಟೋಪಿ ಅದಕ್ಕೆ ಸಹಾಯಕ ಎಂಬುದನ್ನು ಮರೆಯಬಾರದು.

ಆದ್ದರಿಂದ ಕೂಸಿಗೆ ಹೆಣೆಯುವಾಗ ಕೆಲವು ಎಚ್ಚರಿಕೆ ಅಗತ್ಯ. ಒರಟು ಕುರಿಯುಣ್ಣೆ ಬೇಡ. ಮೃದುವಾದ ಹತ್ತಿ ದಾರ ಅಥವಾ ಮಕ್ಕಳಿಗೆಂದೇ ಬರುವ ದಾರ ಸಾಕು. ಲಾಡಿ, ಗುಂಡಿ, ಮಣಿ, ನೆತ್ತಿಯ ಕುಚ್ಚು ಯಾವುದೂ ಬೇಡ. ಲಾಡಿ ಕುತ್ತಿಗೆಗೆ ಸುತ್ತಿಕೊಂಡೀತು, ಮಣಿ ಬಾಯಿಗೆ ಹೋದೀತು. ಒಗೆದು ಒಣಗಿಸಿಯೇ ಕೊಡಿ. ಆಸ್ಪತ್ರೆಗೆ ಒಯ್ಯುವುದಾದರೆ ದಾದಿಯರನ್ನು ಕೇಳಿ ಒಯ್ಯಿರಿ. ಮನೆಗೆ ಬಂದ ಆರೋಗ್ಯವಂತ ಕೂಸು ಬೆಚ್ಚನೆಯ ಕೋಣೆಯಲ್ಲಿ ಮಲಗಿದಾಗ ಟೋಪಿ ತೆಗೆದಿಡಿ. ಅತಿಯಾದ ಸೆಕೆಯೂ ಕೂಸಿಗೆ ಒಳ್ಳೆಯದಲ್ಲ.

ಅಳತೆಯ ಮಾತು. ತುಂಬು ತಿಂಗಳಲ್ಲಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ 33ರಿಂದ 35 ಸೆಂಟಿಮೀಟರ್. ಒಂದು ವರ್ಷ ತುಂಬುವಾಗ ಅದು 45ರ ಆಸುಪಾಸಿಗೆ ಬಂದಿರುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಮೊಮ್ಮಗುವಿಗೆ ಆಗಿನ ತಲೆ ನೋಡಿ ಹೆಣೆದರೆ ಚಳಿಗಾಲಕ್ಕೆ ಅದು ಗೊಂಬೆಯ ಟೋಪಿಯಾಗುತ್ತದೆ.

ದೊಡ್ಡವರ ಟೋಪಿ

ಇದಕ್ಕೆ 100 ಗ್ರಾಂ ದಾರ ಸಾಕು. ಮೊದಲು ಅದೇ ದಾರ, ಅದೇ ಕಡ್ಡಿಯಿಂದ ಅಂಗೈಗಿಂತ ತುಸು ದೊಡ್ಡ ಚೌಕ ಹೆಣೆದು, 10 ಸೆಂಟಿಮೀಟರ್ ಅಗಲಕ್ಕೆ ಎಷ್ಟು ಕುಣಿಕೆ ಬಂದವೆಂದು ಎಣಿಸಿ. ಒಬ್ಬೊಬ್ಬರ ಕೈಬಿಗಿ ಒಂದೊಂದು ತರಹ. ಎಣಿಸದೆ ಹೊರಟರೆ ಬಿಚ್ಚುವ ಕೆಲಸ ತಪ್ಪದು. ತಲೆಯ ಸುತ್ತಳತೆ 55 ಎಂದಿಟ್ಟುಕೊಳ್ಳಿ. ಹೆಣಿಗೆ ಹಿಗ್ಗುವುದರಿಂದ 5 ಕಳೆದು 50 ಹಿಡಿಯಿರಿ. 10 ಸೆಂಟಿಮೀಟರಿಗೆ 20 ಕುಣಿಕೆ ಬಂದಿದ್ದರೆ ಒಟ್ಟು 100 ಕುಣಿಕೆ ಹಾಕಬೇಕು.

ಕೆಳಗಿನ ಅಂಚನ್ನು ಒಂದು ಸೀದಾ, ಒಂದು ಉಲ್ಟಾ ಕುಣಿಕೆಯಂತೆ 5 ಸೆಂಟಿಮೀಟರ್ ಹೆಣೆಯಿರಿ. ತಲೆಯನ್ನು ಬಿಗಿಯಾಗಿ ಹಿಡಿಯುವುದು ಈ ಪಟ್ಟಿಯೇ. ಬಳಿಕ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬುಡದಿಂದ 16 ಸೆಂಟಿಮೀಟರ್ ಎತ್ತರವಾದಾಗ ನೆತ್ತಿ ಇಳಿಸಲು ತೊಡಗಿ. ಮೊದಲ ಸೀದಾ ಸಾಲಿನಲ್ಲಿ ಉದ್ದಕ್ಕೂ 8 ಕುಣಿಕೆ ಹೆಣೆದು ಮುಂದಿನ ಎರಡನ್ನು ಕೂಡಿಸಿ. ಮುಂದಿನ ಸೀದಾ ಸಾಲಿನಲ್ಲಿ 7 ಹೆಣೆದು ಎರಡನ್ನು ಕೂಡಿಸಿ. ಹೀಗೆ ಒಂದೊಂದು ಇಳಿಸುತ್ತ ಹೋದರೆ 100 ಕುಣಿಕೆ 90, 80 ಆಗಿ ಕೊನೆಗೆ 10 ಉಳಿಯುತ್ತವೆ. ನಡುವಿನ ಉಲ್ಟಾ ಸಾಲುಗಳಲ್ಲಿ ಇಳಿಸುವುದಿಲ್ಲ. ಉಳಿದ ಹತ್ತರೊಳಗೆ ದಾರ ಪೋಣಿಸಿ ಬಿಗಿದು, ಬದಿಯನ್ನು ಹೊಲಿದರೆ ಟೋಪಿ ಸಿದ್ಧ. ಬೈಕ್ ಓಡಿಸುವ ಮಕ್ಕಳಿಗೆ ಒಂದು ಮಾತು ಹೇಳಿ ಕೊಡಿ: ಹೆಲ್ಮೆಟ್ಟಿನ ಒಳಗೆ ದಪ್ಪ ಉಲ್ಲನ್ ಟೋಪಿ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರದು.

ದಾರ ಯಾವುದು?

ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಹೆಚ್ಚಾಗಿ ಕೊಡುವುದು ಅಕ್ರಿಲಿಕ್ ದಾರ. ಅದು ಅಗ್ಗ, ಒಗೆಯಲು ಸುಲಭ; ರೂಮಿನಲ್ಲಿರುವ ವಿದ್ಯಾರ್ಥಿಗೆ ಒಳ್ಳೆಯದೇ. ಆದರೆ ಚಳಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂರುವವರಿಗೆ, ಹಂಡೆಗೆ ಬೆಂಕಿ ಒಟ್ಟುವವರಿಗೆ ಅದು ತರವಲ್ಲ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಿಜವಾದ ಉಣ್ಣೆ ಸುಲಭವಾಗಿ ಉರಿಯದು. ಪರೀಕ್ಷೆ ಸುಲಭ: ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್. ತಣ್ಣಗಾದ ಮೇಲೆಯೇ ಮುಟ್ಟಿ.

ಉಣ್ಣೆಯ ಟೋಪಿಯನ್ನು ಬಿಸಿನೀರಿನಲ್ಲಿ ತಿಕ್ಕಬಾರದು, ಕುಗ್ಗಿ ದಪ್ಪವಾಗುತ್ತದೆ. ತಣ್ಣೀರಿಗೆ ಅಂಟುವಾಳದ ನೊರೆ ಬೆರೆಸಿ ಅದ್ದಿ, ಹಿಂಡದೆ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ತೇವ ಉಳಿದ ಬಟ್ಟೆ ಪೆಟ್ಟಿಗೆ ಸೇರಿದರೆ ಬೂಷ್ಟು ಹಿಡಿಯುವುದು ಖಂಡಿತ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ತಲೆ ಇದ್ದಷ್ಟು ಟೋಪಿ ಹೆಣೆ ಎಂಬುದನ್ನು ಅದಕ್ಕೆ ಸೇರಿಸಿಕೊಳ್ಳೋಣ. ಬರುವ ಚಳಿಗೆ ಕೊಡಬೇಕೆಂದಿದ್ದರೆ ಮಳೆಗಾಲದಲ್ಲೇ ಕಡ್ಡಿ ಹಿಡಿಯಿರಿ; ಕೊಯ್ಲು ಶುರುವಾದ ಮೇಲೆ ಯಾರಿಗೂ ಬಿಡುವಿರದು. ಮನೆಯವರದು ಮುಗಿದ ಬಳಿಕ ದಾರ ಉಳಿದಿದ್ದರೆ, ಮಂಜು ಬೀಳುವ ಬೆಳಗಿನಲ್ಲಿ ಕಾಫಿ ಕೊಯ್ಯಲು ಬರುವ ಕೈಗಳನ್ನೂ ನೆನೆಯಿರಿ. ಅವರ ತಲೆಗೂ ಅದೇ ಚಳಿ.