ಕೆಂಡದ ಚಹಾ ಮತ್ತು ಅದರ ಪಾಲು

ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸವಾಲು ಕೂಗುವುದಕ್ಕೆ ಮುಂಚೆ ಪೆಂಟಿಯ ಮೂಲೆಯಿಂದ ಒಂದು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡು ನೋಡುವವರನ್ನು ನೀವು ಕಂಡಿರಬಹುದು. ಬಣ್ಣವನ್ನು ಕಣ್ಣು ಅಳೆಯುತ್ತದೆ, ಗಟ್ಟಿತನವನ್ನು ಬೆರಳು ಅಳೆಯುತ್ತದೆ. ಸವಳು ಭೂಮಿಯ ಕಬ್ಬಿನ ಉಪ್ಪು ಮಾತ್ರ ನಾಲಿಗೆಗೇ ಸಿಕ್ಕಬೇಕು. ಈ ಕೆಲಸದಲ್ಲಿ ಮೂವತ್ತು ವರ್ಷ ಪಳಗಿದ ವರ್ತಕರೊಬ್ಬರು ನನ್ನ ನೆರೆಮನೆಯವರು. ಕೆಲವು ವರ್ಷಗಳ ಹಿಂದೆ ವೈದ್ಯರು ಅವರಿಗೆ ಸಿಹಿಮೂತ್ರವೆಂದು ಹೇಳಿ ಬೆಲ್ಲ, ಸಕ್ಕರೆ ಎರಡನ್ನೂ ಬಿಡಿಸಿದರು. ಅಂದಿನ ಸಂಜೆ ಅವರು ನಮ್ಮ ಕಟ್ಟೆಯ ಮೇಲೆ ಕುಳಿತು, "ನಾಲಿಗಿಗೆ ಪಿಂಚಣಿ ಕೊಟ್ಟ ಕಳಿಸಿದ್ರು ನೋಡ್ರಿ ಮಾಸ್ತರ" ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ.

ಅದೇ ವರ್ಷ ದೀಪಾವಳಿಗೆ, ಸಿಂಗಪುರದಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದವನು ಒಂದು ತಗಡಿನ ಡಬ್ಬಿಯನ್ನು ಕೊಟ್ಟು ಹೋದನು. ಒಳಗೆ ದೀಪದ ಬತ್ತಿಯಂತೆ ಹೊಸೆದ ಕಪ್ಪು ಎಲೆಗಳು. ಹಾಲು, ಸಕ್ಕರೆ ಹಾಕಬಾರದೆಂದು ಅವನ ಕಟ್ಟಪ್ಪಣೆ. ಕುದಿನೀರು ಹೊಯ್ದು, ಬಸಿದು, ನೆರೆಯವರಿಗೂ ಒಂದು ಬಟ್ಟಲು ಕೊಟ್ಟೆ. ಅವರು ಕುಡಿದರು, ಬಹಳ ಹೊತ್ತು ಸುಮ್ಮನೆ ಕುಳಿತರು, ಆಮೇಲೆ ಅನುಮಾನದಿಂದ ನನ್ನ ಮುಖ ನೋಡಿ, "ಇದರಾಗ ಬೆಲ್ಲ ಹಾಕೀರೇನ್ರಿ?" ಎಂದು ಕೇಳಿದರು. ಹಾಕಿರಲಿಲ್ಲ. ಹಾಗಾದರೆ ಆ ಬೆಲ್ಲದ ವಾಸನೆ ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಐದು ಮಂದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಈ ಚಹಾದ ಹೆಸರು ಊಲಾಂಗ್. ಚೀನಿ ಭಾಷೆಯಲ್ಲಿ ಅದಕ್ಕೆ 'ಕರಿಯ ನಾಗ' ಎಂದು ಅರ್ಥ ಹೇಳಬಹುದು. ಹುಟ್ಟಿದ್ದು ಆ ದೇಶದ ಆಗ್ನೇಯ ಕರಾವಳಿಯ ಫೂಜಿಯನ್ ಪ್ರಾಂತ್ಯದಲ್ಲಿ. ಹೆಸರಿನ ಮಾತು ಬಂದದ್ದರಿಂದ ಪಂಡಿತನ ಚಪಲಕ್ಕೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ನಮ್ಮ ಕಡೆ 'ಚಹಾ' ಎನ್ನುತ್ತೇವೆ, ಮೈಸೂರಿನ ಕಡೆಯವರು 'ಟೀ' ಎನ್ನುತ್ತಾರೆ. ಇವೆರಡೂ ಚೀನದವೇ. ಅಲ್ಲಿನ ಬಹುಭಾಗದಲ್ಲಿ 'ಚಾ' ಎಂಬ ಉಚ್ಚಾರವಿದೆ. ಅದು ಪಾರಸಿಯ ಹಾದಿಯಿಂದಲೂ ಪೋರ್ತುಗೀಜರ ಬಾಯಿಂದಲೂ ಪಶ್ಚಿಮಕ್ಕೆ ನಡೆಯಿತು. ಫೂಜಿಯನ್ನಿನ ಬಂದರುಗಳ ಮಂದಿ ಮಾತ್ರ 'ತೇ' ಎನ್ನುತ್ತಾರೆ. ಡಚ್ಚರು ಅದನ್ನೇ ಹಡಗಿಗೆ ಹೇರಿಕೊಂಡು ಹೋದರು. ಆದಕಾರಣ, ಊಲಾಂಗಿನ ತವರಿನ ಮಾತನ್ನು ಆಡುತ್ತಿರುವವರು ಮೈಸೂರಿನವರು, ನಾವಲ್ಲ!

ಇನ್ನು ವಸ್ತುವಿನ ವಿಚಾರ. ಹಸಿರು ಚಹಾ, ನಾವು ದಿನವೂ ಕುದಿಸುವ ಕಪ್ಪು ಚಹಾ, ಊಲಾಂಗ್ ಇವೆಲ್ಲ ಒಂದೇ ಜಾತಿಯ ಗಿಡದ ಎಲೆಗಳು. ಹೆಚ್ಚಿದ ಬದನೆಕಾಯಿ ಗಾಳಿಗೆ ಕಂದುವುದನ್ನು ಅಡಿಗೆಮನೆಯಲ್ಲಿ ನೋಡಿದ್ದೀರಲ್ಲವೇ? ಜಜ್ಜಿದ ಚಹಾದ ಎಲೆಯೂ ಹಾಗೆಯೇ ಕಂದುತ್ತದೆ. ಕಂದಲು ಬಿಡದೆ ಒಡನೆಯೇ ಕಾಯಿಸಿದರೆ ಹಸಿರು ಚಹಾ; ಪೂರ್ತಿ ಕಂದಲು ಬಿಟ್ಟರೆ ಕಪ್ಪು ಚಹಾ. ೧೯೩೦ರ ಸುಮಾರಿಗೆ ಅಸ್ಸಾಮಿನಲ್ಲಿ ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಅರೆದು ಕಾಳು ಮಾಡುವ ಯಂತ್ರ ಬಂದ ಮೇಲೆ, ನಮ್ಮ ಅಂಗಡಿಗಳ ಚಹಾಪುಡಿಯ ರೂಪ ಸಿದ್ಧವಾಯಿತು. ಊಲಾಂಗ್ ಇವೆರಡರ ನಡುವಿನದು. ಎಲೆಯನ್ನು ಬಿಸಿಲಿಗೆ ಬಾಡಿಸಿ, ಬಿದಿರಿನ ಮೊರಗಳಲ್ಲಿ ಮತ್ತೆ ಮತ್ತೆ ಕುಲುಕುತ್ತಾರೆ. ಅಂಚು ಮಾತ್ರ ಜಜ್ಜಿ ಕೆಂಪಾಗುತ್ತದೆ, ನಡುವು ಹಸಿರಾಗಿಯೇ ಉಳಿಯುತ್ತದೆ. ನಮ್ಮ ಇಳಕಲ್ಲ ಸೀರೆಗೆ ಅಂಚು ಇದ್ದಂತೆ ಎಂದು ನಮ್ಮ ಐವರಲ್ಲಿ ಒಬ್ಬರಾದ ನೇಕಾರ ಮಿತ್ರರ ಹೋಲಿಕೆ. ಅಷ್ಟಾದೊಡನೆ ಕಾದ ಬಾಣಲೆಗೆ ಹಾಕಿ ಕಂದುವಿಕೆಯನ್ನು ನಿಲ್ಲಿಸಿ, ಹೊಸೆದು, ಒಣಗಿಸುತ್ತಾರೆ.

ಇಲ್ಲಿಗೆ ಮುಗಿಸಿ ಮಾರುವವರೂ ಉಂಟು. ಆದರೆ ಫೂಜಿಯನ್ನಿನ ವೂಯಿ ಬೆಟ್ಟಗಳ ಬಂಡೆಸಂದಿಯ ಚಹಾಕ್ಕೆ ಮುಂದೆ ಇನ್ನೊಂದು ಸಂಸ್ಕಾರವಿದೆ. ನೆಲದಲ್ಲಿ ಗುಂಡಿ ತೋಡಿ ಇದ್ದಿಲನ್ನು ಹೊತ್ತಿಸಿ, ಹೊಗೆ, ಉರಿ ಎರಡೂ ಪೂರ್ತಿ ಅಡಗಿದ ಮೇಲೆ ಕೆಂಡದ ಮೇಲೆ ಬೂದಿಯನ್ನು ಹೊದಿಸುತ್ತಾರೆ. ಅದರ ಮೇಲೆ ನಡುವಿನಲ್ಲಿ ಜರಡಿಯುಳ್ಳ ಬಿದಿರಿನ ಬುಟ್ಟಿ. ಜರಡಿಯ ಮೇಲೆ ಎಲೆ. ಗಂಟೆಗಟ್ಟಲೆ ಆ ಮಂದ ಕಾವಿನಲ್ಲಿ ಎಲೆ ಇರುತ್ತದೆ. ಆಳು ಆಗಾಗ ಬುಟ್ಟಿಯನ್ನು ಇಳಿಸಿ ಎಲೆಯನ್ನು ತಿರುವಿಹಾಕುತ್ತಾನೆ. ಹೀಗೆ ಒಂದು ಸಲ ಕಾಯಿಸಿ, ವಾರಗಟ್ಟಲೆ ಬಿಟ್ಟು, ಮತ್ತೊಂದು ಸಲ, ಬೇಕಾದರೆ ಮೂರನೆಯ ಸಲ. ವಸಂತದ ಕೊನೆಗೆ ಕೊಯ್ದ ಎಲೆ ಕೈಗೆ ಬರುವುದು ಎಷ್ಟೋ ವೇಳೆ ಶರತ್ಕಾಲಕ್ಕೆ.

ಇದನ್ನು 'ಹುರಿದ ಚಹಾ' ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ. ಹುರಿಯುವುದೆಂದರೆ ಹಂಚಿಗೆ ಕಾಳು ತಾಗಬೇಕು, ಕೈ ಬಿಡದೆ ಆಡಿಸಬೇಕು. ಸುಡುವುದೆಂದರೆ ಉರಿ ಮುಟ್ಟಬೇಕು. ಇಲ್ಲಿ ಎರಡೂ ಇಲ್ಲ. ಬಾಣಂತಿಯ ಮಂಚದ ಕೆಳಗಿನ ಅಗ್ಗಿಷ್ಟಿಕೆಯಂತೆ ಕಾವು ಮಾತ್ರ ಏರುತ್ತದೆ. ಆದಕಾರಣ 'ಕೆಂಡಕ್ಕೆ ಕಾಯಿಸಿದ ಚಹಾ' ಎಂದು ನಮ್ಮ ಕೂಟದಲ್ಲಿ ರೂಢಿಯಾಯಿತು.

ಬೆಲ್ಲದ ಪ್ರಶ್ನೆಗೆ ಉತ್ತರ ಇರುವುದು ಆ ಬುಟ್ಟಿಯಲ್ಲಿ. ಎಲೆಯಲ್ಲಿರುವ ಅತ್ಯಲ್ಪ ಸಕ್ಕರೆಯೂ ಸಸಾರಜನಕವುಳ್ಳ ಅಮೈನೊ ಆಮ್ಲಗಳೂ ಕಾವಿನಲ್ಲಿ ಕೂಡಿ, ಕಂದುಬಣ್ಣದ ಸುವಾಸನೆಯ ಪದಾರ್ಥಗಳಾಗುತ್ತವೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಮೈಯಾರ್ ಇದನ್ನು ೧೯೧೨ರಲ್ಲಿ ವಿವರಿಸಿದನು. ರೊಟ್ಟಿಯ ಮೇಲೆ ಕಲೆ ಬೀಳುವುದೂ ಗಾಣದ ಮನೆಯ ಕೊಪ್ಪರಿಗೆಯಲ್ಲಿ ಪಾಕ ಏರುತ್ತ ಬಣ್ಣ ತಿರುಗುವುದೂ ಬಹುಮಟ್ಟಿಗೆ ಇದೇ ಬಗೆಯ ಕ್ರಿಯೆ. ಎಂದ ಮೇಲೆ ನಮ್ಮ ವರ್ತಕರ ನಾಲಿಗೆ, ಅಥವಾ ಸರಿಯಾಗಿ ಹೇಳಬೇಕೆಂದರೆ ಮೂಗು, ತಪ್ಪಲಿಲ್ಲ. ಬಟ್ಟಲಲ್ಲಿ ಬೆಲ್ಲವಿರಲಿಲ್ಲ, ಬೆಲ್ಲದ ದಾಯಾದಿ ಇತ್ತು. ನುಂಗಿದ ಮೇಲೆ ಒಗರು ಕರಗಿ ಗಂಟಲಿನಲ್ಲಿ ಸಿಹಿ ಮರಳಿದಂತೆ ಆಗುವುದೂ ಉಂಟು. ಇದು ಔಷಧವೆಂದು ಯಾರೂ ತಿಳಿಯಬಾರದು. ಅವರ ಮಾತ್ರೆ, ಪಥ್ಯ ಎಲ್ಲವೂ ಎಂದಿನಂತೆ ನಡೆದಿವೆ. ಅವರಿಗೆ ಹಿಂದಿರುಗಿದ್ದು ಪರೀಕ್ಷೆ ಮಾಡುವ ಕೆಲಸ ಮಾತ್ರ, ಮತ್ತು ಅದು ಅವರಿಗೆ ಸಣ್ಣದಲ್ಲ.

ಆ ಡಬ್ಬಿ ಹತ್ತು ದಿನಕ್ಕೆ ಮುಗಿಯಿತು. ತರಿಸಿಕೊಳ್ಳೋಣವೆಂದರೆ ಖರ್ಚಿನ ಲೆಕ್ಕ ಎದುರಿಗೆ ನಿಂತಿತು. ಹೊರನಾಡಿನ ಚಹಾಕ್ಕೆ ನಮ್ಮಲ್ಲಿ ಆಮದು ಸುಂಕ ಭಾರಿಯಾದದ್ದು. ಅದರ ಮೇಲೆ ಅಂಚೆಯ ವೆಚ್ಚ. ೫೦ ಗ್ರಾಮಿನ ಪೊಟ್ಟಣಕ್ಕೂ ೨೫೦ ಗ್ರಾಮಿನದಕ್ಕೂ ಅಂಚೆಯ ಖರ್ಚು ಐದು ಪಟ್ಟು ಏರುವುದಿಲ್ಲ ಎಂಬ ಒಂದೇ ಸಂಗತಿ ನಮ್ಮ ಕೂಟಕ್ಕೆ ಕಾರಣವಾಯಿತು. ವರ್ತಕರು, ನೇಕಾರರು, ಒಬ್ಬ ಪತ್ತಾರರು, ಗಣಿತದ ಮಾಸ್ತರರು ಮತ್ತು ನಾನು. ಒಬ್ಬನ ಜೇಬಿಗೆ ಮೀರಿದ್ದು ಐವರಿಗೆ ಹೊರೆಯಾಗಲಿಲ್ಲ. ಅಲ್ಲದೆ, ಐದು ಬಗೆಯನ್ನು ಐವರು ತರಿಸಿ ಹಂಚಿಕೊಂಡರೆ, ಒಂದು ಹಿಡಿಸದಿದ್ದರೂ ಉಳಿದ ನಾಲ್ಕು ಇರುತ್ತವೆ.

ಕೊಳ್ಳುವವರು ಮೋಸಹೋಗುವುದು ಹೆಸರಿಗೆ. ವೂಯಿಯ ಚಹಾಗಳಲ್ಲಿ 'ದಾ ಹೊಂಗ್ ಪಾವ್', ಅಂದರೆ 'ದೊಡ್ಡ ಕೆಂಪು ನಿಲುವಂಗಿ', ಜಗತ್ಪ್ರಸಿದ್ಧ. ಅದರ ಮೂಲ ಗಿಡಗಳು ಒಂದು ಬಂಡೆಯ ಅಂಚಿನಲ್ಲಿ ಆರೇ ಇವೆ. ೨೦೦೬ರಿಂದ ಅವುಗಳ ಎಲೆ ಕೊಯ್ಯುವುದನ್ನು ನಿಲ್ಲಿಸಲಾಗಿದೆ. ಕೊನೆಯ ಕೊಯ್ಲಿನ ೨೦ ಗ್ರಾಮನ್ನು ೨೦೦೭ರಲ್ಲಿ ಪೀಕಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಹೀಗಿರುವಲ್ಲಿ ಮೂಲ ಗಿಡದ ಎಲೆಯೆಂದು ಯಾರಾದರೂ ಮಾರಿದರೆ ಅವರು ಮಾರುತ್ತಿರುವುದು ಮಾತನ್ನು. ಈಗ ಆ ಹೆಸರಿನಲ್ಲಿ ಬರುವುದು ಬಹುಪಾಲು ಹಲವು ಗಿಡಗಳ ಎಲೆಯ ಮಿಶ್ರಣ. ಮಿಶ್ರಣವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೂ ಹೊಸಬರು ಶುಯಿ ಶಿಯೆನ್ ಅಥವಾ ರೋ ಗ್ವೇ ಎಂಬ ಸಾಮಾನ್ಯ ಬಗೆಗಳಿಂದ ಆರಂಭಿಸುವುದು ವಿಹಿತ. ಎರಡನೆಯದರ ಹೆಸರಿಗೆ ದಾಲ್ಚಿನ್ನಿ ಎಂದೇ ಅರ್ಥ, ಘಾಟೂ ಸ್ವಲ್ಪ ಹಾಗೆಯೇ. ಅದೇ ಪ್ರಾಂತ್ಯದ ಅನ್‌ಶಿಯ ತೀ ಕ್ವಾನ್ ಯಿನ್ ಎಂಬುದರ ಎಲೆ ಬತ್ತಿಯಾಗಿರದೆ ಉಂಡೆಯಾಗಿರುತ್ತದೆ.

ಕಾಯಿಸಿದ್ದು ಹದವೋ ಹೊತ್ತಿದೆಯೋ ಎಂಬುದನ್ನು ಕುಡಿದಾದ ಮೇಲೆ ಎಲೆಯೇ ಹೇಳುತ್ತದೆ. ನೀರಿನಲ್ಲಿ ನೆನೆದ ಎಲೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಹದವಾಗಿದ್ದರೆ ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಇದ್ದಿಲಾಗಿದ್ದರೆ ಎಷ್ಟು ನೆನೆದರೂ ಸೆಟೆದುಕೊಂಡೇ ಇರುತ್ತದೆ. ಹಳಸಿದ ಎಲೆಯ ದೋಷ ಮುಚ್ಚಲು ಕಡುಕಾವು ಕೊಡುವವರೂ ಇದ್ದಾರೆ. ಮಾರುವವನನ್ನು ಕೇಳಬೇಕಾದ ಪ್ರಶ್ನೆ ಎರಡು: ಯಾವ ವರ್ಷದ ಎಲೆ? ಕಡೆಯ ಸಲ ಕೆಂಡಕ್ಕೆ ಇಟ್ಟದ್ದು ಯಾವಾಗ? ಈಗತಾನೆ ಕಾಯಿಸಿದ್ದಾದರೆ ಕೆಲವು ತಿಂಗಳು ಹಾಗೆಯೇ ಇಡಬೇಕು. ಹೊಸ ಅಕ್ಕಿಯನ್ನು ಇಟ್ಟು ಹಳತು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಲಿನ ವಿಷಯಕ್ಕೆ ಬರೋಣ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ಸಲ ಬಂದ ಮಾಲನ್ನು ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಅಡಿಗೆಮನೆಯ ಚಮಚದಿಂದ, ಯಾರಿಗೂ ಒಂದು ಚಮಚವೂ ಹೆಚ್ಚುಕಡಿಮೆಯಾಗದಂತೆ, ಎಣಿಸಿ ಹಂಚಿದೆ. ವೂಯಿಯ ಬತ್ತಿ ಎಲೆ ಪೊಳ್ಳು, ಉಂಡೆಯ ಎಲೆ ಗಟ್ಟಿ. ಒಂದೇ ಚಮಚಕ್ಕೆ ಎರಡರ ತೂಕ ಬೇರೆ ಎಂಬುದು ನನಗೆ ಹೊಳೆಯಲಿಲ್ಲ. ಬತ್ತಿಯ ಬದಲು ಉಂಡೆಯನ್ನು ಅದಲುಬದಲು ಮಾಡಿಕೊಂಡವರಿಗೆ ಭಾರಿ ಪಾಲು ಬಂತು. ಸಾಲದ್ದಕ್ಕೆ, ಚೀಲದ ಮೇಲುಭಾಗದ ಇಡೀ ಎಲೆ ಮೊದಲಿನವರಿಗೂ, ಅಡಿಯ ನುಚ್ಚು ಕೊನೆಯವರಿಗೂ ಹೋಯಿತು. ಕೊನೆಯವರು ನೇಕಾರರು. ಅವರು ಏನೂ ಅನ್ನಲಿಲ್ಲ. ಎರಡು ಸಂಜೆ ಕಟ್ಟೆಗೆ ಬರಲಿಲ್ಲ, ಅಷ್ಟೆ. ನುಚ್ಚು ಬೇಗ ಕಡುಗಹಿಯಾಗುತ್ತದೆ. ಎಲ್ಲರಷ್ಟೇ ಹಣ ಕೊಟ್ಟು ಅವರು ಕಹಿ ಕುಡಿಯುತ್ತಿದ್ದರು.

ಮೂರನೆಯ ಸಂಜೆ ಪತ್ತಾರರು ಬಂಗಾರ ತೂಗುವ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದರು. ಎಲ್ಲರ ಪೊಟ್ಟಣಗಳೂ ತಿರುಗಿ ಬಂದವು, ಹೊಸದಾಗಿ ಪಾಲಾದವು. ಅಂದಿನಿಂದ ನಡೆದ ಕ್ರಮ ಇದು. ಮಳೆ ಇಲ್ಲದ ಒಣ ದಿನದಲ್ಲಿ ಹಂಚುವುದು. ಆರ್ದ್ರೆಯ ತಂಪಿಗೆ ಬೆಲ್ಲ ಬೆವರುವಂತೆ ಚಹಾವೂ ಪಸೆಯನ್ನು ಹೀರುತ್ತದೆ. ಅಡಿಗೆಮನೆಯಲ್ಲಂತೂ ಕೂಡದು, ಇಂಗು, ಒಗ್ಗರಣೆ ಎಲ್ಲದರ ವಾಸನೆಯನ್ನೂ ಅದು ಎಳೆದುಕೊಳ್ಳುತ್ತದೆ. ಇಡೀ ಮಾಲನ್ನು ಅಗಲವಾದ ಹರಿವಾಣಕ್ಕೆ ಸುರುವಿ, ಎಲೆ ಮುರಿಯದಂತೆ ಅಡಿಮೇಲು ಮಾಡಿ, ನುಚ್ಚನ್ನು ಬೇರೆ ತೆಗೆದು, ತೂಕದಿಂದಲೇ ಪಾಲು. ೧೦೦ ಗ್ರಾಮ್ ಬಂದರೆ ತಲೆಗೆ ೨೦. ಪೊಟ್ಟಣದ ಮೇಲೆ ಹೆಸರು, ವರ್ಷ, ಕಾಯಿಸಿದ ತಿಂಗಳು ಬರೆದು, ಗಾಳಿಯಾಡದ ತಗಡಿನ ಡಬ್ಬಿಗೆ. ಹಣದ ಲೆಕ್ಕ ಗಣಿತದ ಮಾಸ್ತರರದು. ಸುಂಕದ ಚೀಟಿಯನ್ನೂ ಎಲ್ಲರ ಮುಂದೆ ಓದಿಯೇ ಕಟ್ಟಿಡುತ್ತಾರೆ.

೨೦ ಗ್ರಾಮ್ ಎಷ್ಟರ ಮಟ್ಟಿನದು ಎಂದು ನೀವು ಮೂಗು ಮುರಿಯಬಹುದು. ೫ ಗ್ರಾಮಿನಂತೆ ನಾಲ್ಕು ಸಲ ಆಗುತ್ತದೆ. ಒಂದೊಂದು ಸಲವೂ ಅದೇ ಎಲೆಗೆ ಐದಾರು ಬಾರಿ ನೀರು ಹೊಯ್ಯಬಹುದು. ಪಾತ್ರೆ ಸಣ್ಣದಿರಬೇಕು, ನೀರು ಮರಳುತ್ತಿರಬೇಕು, ಹೊಯ್ದ ಕೆಲವೇ ಕ್ಷಣಗಳಲ್ಲಿ ಬಸಿಯಬೇಕು. ಒಲೆಯ ಮೇಲೆ ಕುದಿಸಿದಿರೋ, ಹಣವನ್ನೇ ಕುದಿಸಿದಿರಿ. ಮೊದಲ ನೀರಿಗೆ ಕೆಂಡದ ವಾಸನೆ, ಮೂರನೆಯದಕ್ಕೆ ಹೂವು, ಐದನೆಯದಕ್ಕೆ ಕಲ್ಲುಬಾವಿಯ ನೀರಿನ ತಂಪು ಎಂದು ನನ್ನ ಎಣಿಕೆ. ವರ್ತಕರು ಒಪ್ಪುವುದಿಲ್ಲ, ಕಡೆಯದರಲ್ಲಿಯೂ ಅವರಿಗೆ ಕಾಕಂಬಿ ಸಿಕ್ಕುತ್ತದೆ.

ಫೂಜಿಯನ್ನಿನ ನೆರೆಯ ಚಾವ್‌ಜೋ ಎಂಬ ಸೀಮೆಯಲ್ಲಿ ಕುಳಿತವರು ಎಷ್ಟೇ ಮಂದಿ ಇದ್ದರೂ ಬಟ್ಟಲು ಮೂರೇ ಇಡುತ್ತಾರೆ. ಕುಡಿದವರದನ್ನು ಬಿಸಿನೀರಿನಲ್ಲಿ ತೊಳೆದು, ಮುಂದಿನ ಸರದಿಯವರಿಗೆ ಹೊಯ್ಯುತ್ತಾರೆ. ಒಬ್ಬರನ್ನೊಬ್ಬರು ಮೊದಲು ಕುಡಿಯುವಂತೆ ಒತ್ತಾಯಿಸುತ್ತಾರೆ. ಒಂದು ಚಹಾವನ್ನು ಇಬ್ಬರು ಒಡೆದುಕೊಳ್ಳುವ ನಮ್ಮ 'ಬೈ ಟು' ಪದ್ಧತಿಯನ್ನು ಕಂಡು ನಗುವ ಪರವೂರಿನವರಿಗೆ ಈ ಸಂಗತಿಯನ್ನು ಹೇಳಬಹುದು.

ಬೇರೆ ತೆಗೆದ ನುಚ್ಚು ಏನಾಯಿತೆಂಬುದು ಉಳಿಯಿತು. ಅದನ್ನು ಬಿಸಾಡುವುದಿಲ್ಲ. ಸಣ್ಣ ಅರಿವೆಯಲ್ಲಿ ಕಟ್ಟಿ, ನೀರು ಹೆಚ್ಚು ಹಾಕಿ, ಬೇಗ ಎತ್ತಿದರೆ ಕುಡಿಯಲು ಬರುತ್ತದೆ. ಅದು ಸರದಿಯ ಮೇಲೆ ಒಬ್ಬೊಬ್ಬರಿಗೆ ಹೋಗುತ್ತದೆ. ಮೊದಲ ಸರದಿ ನನ್ನದೆಂದು ನೇಕಾರರು ಆ ಸಂಜೆಯೇ ಗೊತ್ತುಮಾಡಿದರು.