ಬಿರುಕಿನ ದನಿಗೆ ಕಿವಿಗೊಟ್ಟವರು

ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಮಾಡಿನ ಹಂಚು ಕೈಯಾಡಿಸುವ ಕೆಲಸ ಇದ್ದೇ ಇರುತ್ತದೆ. ಮಾಡಿನ ಮೇಲೆ ಕೂತವರು ಅನುಮಾನ ಬಂದ ಹಂಚನ್ನು ಎಡಗೈಯಲ್ಲಿ ಹಗುರಾಗಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟುತ್ತಾರೆ. ಠಣ್ ಎಂದರೆ ಮರಳಿ ಮಾಡಿಗೆ. ಒಡಕು ದನಿ ಬಂತೋ, ಕೆಳಗೆ. ಕಣ್ಣಿಗೆ ಕಾಣದ ಕೂದಲೆಳೆಯ ಸೀಳೂ ಆ ಒಂದು ತಟ್ಟಿಗೆ ಸಿಕ್ಕಿಬೀಳುತ್ತದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಮಣ್ಣು ಸುಟ್ಟು ಹಂಚಾಗಿ, ಊರಿನ ಹೆಸರು ಹೊತ್ತು ಹಡಗು ಹತ್ತಿತು. ಹಾಗಾಗಿ ಒಡೆಯದೆ ಪರೀಕ್ಷಿಸುವ ವಿದ್ಯೆ ಮಂಗಳೂರಿಗೆ ಹೊಸತೇನೂ ಅಲ್ಲ.

ತಟ್ಟುವುದೆಂದರೆ ವಸ್ತುವನ್ನು ಮಾತಾಡಿಸುವುದು. ಯಾರೂ ಮಾತಾಡಿಸದೆ ವಸ್ತು ತಾನಾಗಿ ಆಡುವ ಮಾತೂ ಒಂದಿದೆ. ತವರದ ಪಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಚರಚರ ಸದ್ದು ಕೇಳುತ್ತದೆ. ಲೋಹದವರು ಅದನ್ನು ತವರದ ಅಳು ಎನ್ನುತ್ತಾರೆ. ಉಕ್ಕೂ ಕಾಂಕ್ರೀಟೂ ಹೀಗೆಯೇ. ಭಾರ ಬಿದ್ದು ಒಳಗಿನ ಬಿರುಕು ಒಂದು ಎಳೆ ಮುಂದೆ ಸರಿದಾಗ ಅಲ್ಲಿ ಬಿಗಿದಿದ್ದ ಶಕ್ತಿ ಸಣ್ಣ ಅಲೆಯಾಗಿ ಸಿಡಿಯುತ್ತದೆ. ಇದಕ್ಕೆ ಅಕೌಸ್ಟಿಕ್ ಎಮಿಶನ್ ಎಂದು ಹೆಸರು. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಉಕ್ಕಿನ ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದು 150 ಕಿಲೋಹರ್ಟ್ಸ್ ಆಸುಪಾಸಿನ ದನಿಯನ್ನು. ಅದಕ್ಕಾಗಿ ಗ್ರೀಸ್ ಹಚ್ಚಿ ಲೋಹದ ಮೈಗೆ ಸೆನ್ಸರ್ ಅಂಟಿಸುತ್ತಾರೆ. ಅದರೊಳಗಿನ ಹರಳು ಅದುಮಿದರೆ ವಿದ್ಯುತ್ ಕೊಡುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಹಾರಿಸುವುದೂ ಇದೇ ಗುಣದಿಂದ.

ಈ ಯಂತ್ರದ ಕಿವಿ ಸರಿಯಿದೆಯೇ ಎಂದು ನೋಡುವ ಬಗೆ ನನಗೆ ಬಹಳ ಇಷ್ಟ. ಬರೆಯುವ ಮೆಕ್ಯಾನಿಕಲ್ ಪೆನ್ಸಿಲ್ಲಿನ ಅರ್ಧ ಮಿಲಿಮೀಟರ್ ದಪ್ಪದ ಸೀಸದ ಕಡ್ಡಿಯನ್ನು ಸೆನ್ಸರಿನ ಪಕ್ಕದಲ್ಲಿ ಓರೆಯಾಗಿ ಒತ್ತಿ ಪಟ್ಟನೆ ಮುರಿಯುತ್ತಾರೆ. ಅಷ್ಟೇ. ಆ ಸಣ್ಣ ಮುರಿತ ಬಿರುಕಿನ ಸಿಡಿತವನ್ನು ಹೋಲುತ್ತದೆ, ಪರದೆಯ ಮೇಲೆ ಚೂಪಾದ ಅಲೆಯೊಂದು ಏಳುತ್ತದೆ. ಲಕ್ಷಗಟ್ಟಲೆ ಬೆಲೆಯ ಉಪಕರಣ, ಅದರ ಸಾಚಾತನ ನೋಡಲು ಶಾಲೆಮಕ್ಕಳ ಪೆನ್ಸಿಲ್!

ಒಂದೇ ಸಿಡಿತದ ದನಿ ಬೇರೆಬೇರೆ ಸೆನ್ಸರುಗಳಿಗೆ ಹಿಂದುಮುಂದಾಗಿ ತಲುಪುತ್ತದೆ. ಆ ಅಂತರದ ಲೆಕ್ಕ ಹಿಡಿದರೆ ಬಿರುಕು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಸಿಡಿಯುತ್ತಿದ್ದ ಜಾಗಗಳನ್ನು ಪತ್ತೆ ಮಾಡಿದ್ದೂ ಇದೇ ಲೆಕ್ಕದಿಂದ. ಇನ್ನೊಂದು ಸೋಜಿಗವನ್ನು 1950ರಲ್ಲಿ ಮ್ಯೂನಿಕ್‌ನ ಜೋಸೆಫ್ ಕೈಸರ್ ತೋರಿಸಿಕೊಟ್ಟರು: ಒಮ್ಮೆ ಹೊತ್ತ ಭಾರವನ್ನು ಲೋಹ ನೆನಪಿಟ್ಟುಕೊಳ್ಳುತ್ತದೆ. ಅಷ್ಟೇ ಭಾರವನ್ನು ಮತ್ತೆ ಹೊರಿಸಿದರೆ ತೆಪ್ಪಗಿರುತ್ತದೆ, ಅದನ್ನು ಮೀರಿದಾಗಲೇ ಬಾಯಿಬಿಡುತ್ತದೆ. ಮೊದಲೇ ಸದ್ದು ಮಾಡಿತೆಂದರೆ ನಡುವೆ ಏನೋ ಕೆಟ್ಟಿದೆ ಎಂದರ್ಥ.

ದನಿ ಕೇಳಿ ಒಳಗುಟ್ಟು ಅರಿಯುವ ಕೆಲಸ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ನಡೆದಿದೆ. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಈ ಎಂಜಿನಿಯರಿಂಗ್ ಕಾಲೇಜಿನ ಗಣಿ ವಿಭಾಗದ ಹರ್ಷ ವರ್ಧನ್ ಮತ್ತು ಸಂಗಡಿಗರು, ಬಂಡೆ ಕೊರೆಯುವಾಗ ಏಳುವ ಸದ್ದಿನಿಂದ ಅದರ ಗಟ್ಟಿತನ ಅಂದಾಜು ಮಾಡಬಹುದೆಂದು 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಬಂಡೆ ಗಟ್ಟಿಯಾದಷ್ಟೂ ಸದ್ದು ಜೋರು. ಇದು ಕಿವಿಗೆ ಕೇಳುವ ಸದ್ದೇ, ಅಕೌಸ್ಟಿಕ್ ಎಮಿಶನ್ನಿನ ದಾಯಾದಿ.

ಪಣಂಬೂರಿನಿಂದ ಸುರತ್ಕಲ್ಲಿನವರೆಗೆ ಬಸ್ಸಿನಲ್ಲಿ ಹೋದವರಿಗೆ ಎಣ್ಣೆ, ಅನಿಲ, ಗೊಬ್ಬರದ ಕಾರ್ಖಾನೆಗಳ ಪರಿಚಯ ಹೇಳಬೇಕಿಲ್ಲ. ಇಂಥ ಕಡೆಯ ದೊಡ್ಡ ಟ್ಯಾಂಕುಗಳಿಗೆ ಅಕೌಸ್ಟಿಕ್ ಎಮಿಶನ್ನಿನ ವಿದ್ಯೆ ಹೇಳಿ ಮಾಡಿಸಿದ್ದು. ಟ್ಯಾಂಕಿನ ತಳ ತುಕ್ಕು ಹಿಡಿದಿದೆಯೇ ಎಂದು ಕಣ್ಣಾರೆ ನೋಡಬೇಕಾದರೆ ಎಣ್ಣೆ ಖಾಲಿ ಮಾಡಿ, ತೊಳೆದು, ಒಳಗಿಳಿಯಬೇಕು. ಅದು ವಾರಗಟ್ಟಲೆಯ, ಅಪಾಯದ ಕೆಲಸ. ಹೊರಗೋಡೆಯ ಸುತ್ತ ಸೆನ್ಸರ್ ಅಂಟಿಸಿ, ಪಂಪು ನಿಲ್ಲಿಸಿ ಕಿವಿಗೊಟ್ಟರೆ ತುಕ್ಕು ಬಿಡುವ ಸಣ್ಣ ಚಿಟಿಚಿಟಿ ಸದ್ದು ಎಣ್ಣೆಯ ಮೂಲಕವೇ ದಾಟಿ ಬರುತ್ತದೆ. ಯಾವ ಟ್ಯಾಂಕನ್ನು ಮೊದಲು ತೆರೆಯಬೇಕು ಎಂದು ತೀರ್ಮಾನಿಸಲು ಅಷ್ಟು ಸಾಕು. ಬೆಳೆಯದೆ ಸುಮ್ಮನೆ ಮಲಗಿರುವ ಬಿರುಕು ಮಾತ್ರ ಇದಕ್ಕೆ ಸಿಗುವುದಿಲ್ಲ. ಅದನ್ನು ಹುಡುಕಲು ಅಲ್ಟ್ರಾಸೌಂಡೋ ಎಕ್ಸ್‌ರೇಯೋ ಬೇಕು.

ಇನ್ನು ನಮ್ಮೂರಿನ ಮಳೆ. ಒಂದು ಹನಿ ತಗಡಿಗೆ ಬಿದ್ದರೂ ಸೆನ್ಸರಿಗೆ ಅದು ಬಿರುಕಿನ ಸಿಡಿತದ ಹಾಗೇ ಕೇಳುತ್ತದೆ. ಆಟಿಯ ಜಡಿಮಳೆಯಲ್ಲಿ ಬಯಲಲ್ಲಿ ನಿಂತ ಟ್ಯಾಂಕಿಗೆ ಕಿವಿಗೊಡುವ ಮಾತೇ ಇಲ್ಲ. ಹಂಚು ಕೈಯಾಡಿಸುವವರ ಹಾಗೆ ಈ ಕೆಲಸದವರೂ ಒಣ ಹವೆಗೆ ಕಾಯುತ್ತಾರೆ.